ಅರವತ್ತೈದು ಮೀಟರ್ ಆಸ್ಟ್ರೇಲಿಯಾ

ಆಸ್ಟ್ರೇಲಿಯಾಕ್ಕೆ ನಮಗೆ ಕೊಟ್ಟಿದ್ದು ಒಂಬತ್ತು ದಿನ. ಭೂಪಟ, ಹವಾಮಾನ, ಸರ್ಕಾರ, ವ್ಯಾಪಾರ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಇತಿಹಾಸದ ಪಾಲಿಗೆ ಬಂದಿದ್ದು ಮೂರು ದಿನ, ಪರೀಕ್ಷೆಯಲ್ಲಿ ಎರಡು ಪ್ರಶ್ನೆ. ಬ್ರಿಟಿಷರು ಅಲ್ಲಿಗೆ ಯಾರನ್ನು ಕಳಿಸಿದರು? ಅವರು ಬಂದ ಮೇಲೆ ಮೊದಲಿನಿಂದ ಅಲ್ಲಿದ್ದವರಿಗೆ ಏನಾಯಿತು? ಇವೆರಡಕ್ಕೆ ಉತ್ತರ ಬಂದರೆ ಮಕ್ಕಳು ಪಾಸು, ನಾನೂ ಪಾಸು.

ಅದು 2021ರ ಮಾರ್ಚ್. ಅಮೆರಿಕಾದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಒಂದು ಶಾಲೆಯಲ್ಲಿ ಆರನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಹೆರಿಗೆ ರಜೆಗೆ ಹೋದ ಟೀಚರ್ ಬದಲಿಗೆ ಬಂದವಳು ನಾನು. ಮೈಸೂರಿನಲ್ಲಿ ಇದೇ ವಯಸ್ಸಿನ ಮಕ್ಕಳಿಗೆ ಹನ್ನೊಂದು ವರ್ಷ ಪಾಠ ಮಾಡಿದ್ದೆನಾದರೂ ಇಲ್ಲಿ ನನ್ನ ಕತ್ತಿನಲ್ಲಿ ತೂಗುತ್ತಿದ್ದ ಬ್ಯಾಡ್ಜಿನ ಮೇಲೆ ‘ಸಬ್‌ಸ್ಟಿಟ್ಯೂಟ್’ ಎಂದೇ ಇತ್ತು. ಮುಂದಿನ ವರ್ಷ ಅದೇ ಶಾಲೆಯಲ್ಲಿ ಒಂದು ಖಾಯಂ ಹುದ್ದೆ ತೆರವಾಗುವ ಸುದ್ದಿಯಿತ್ತು. ಅದಕ್ಕೆ ಆರನೇ ತರಗತಿಯ ಟೀಚರುಗಳಿಗೆಲ್ಲ ಮುಖ್ಯಸ್ಥರಾದ ಲೀಡ್ ಟೀಚರ್ ಶಿಫಾರಸು ಬೇಕಿತ್ತು. ಆಕೆ ಆ ಶಾಲೆಯಲ್ಲೇ ಇಪ್ಪತ್ತು ವರ್ಷ ಕಳೆದವರು. ಗಟ್ಟಿ ದನಿ, ಗಡಿಯಾರ ನೋಡಿಕೊಂಡು ನಡೆಯುವ ಹೆಂಗಸು. ಆಸ್ಟ್ರೇಲಿಯಾದ ಸ್ಲೈಡುಗಳನ್ನು ನನಗೆ ಕಳಿಸಿದವರೂ ಅವರೇ.

ನನಗಿದ್ದದ್ದು ನಾಲ್ಕು ತರಗತಿ. ಇದು ಮೂರನೇ ಪೀರಿಯಡ್ಡಿನ ಕಥೆ. ಇಪ್ಪತ್ತಾರು ಮಕ್ಕಳು. ಹನ್ನೊಂದು ಮಂದಿ ಮಾಸ್ಕ್ ಹಾಕಿಕೊಂಡು ಕ್ಲಾಸಿನಲ್ಲಿ ದೂರ ದೂರ ಕೂತಿರುತ್ತಿದ್ದರು. ಹದಿನೈದು ಮಂದಿ ತಂತಮ್ಮ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನ ತೆರೆಯ ಮೇಲೆ. ನಾನು ಬೋರ್ಡಿಗೂ ಕ್ಯಾಮೆರಾಕ್ಕೂ ನಡುವೆ ಓಡಾಡುತ್ತಿದ್ದೆ. ಕ್ಲಾಸಿನವರ ಮುಖದ ಅರ್ಧ ಭಾಗ ನಾನು ಕಂಡಿರಲಿಲ್ಲ. ತೆರೆಯ ಮೇಲಿನವರ ಎತ್ತರ ಎಷ್ಟೆಂದು ಗೊತ್ತಿರಲಿಲ್ಲ. ಒಬ್ಬನಂತೂ ಕ್ಯಾಮೆರಾ ಹಾಕಿದ್ದೇ ಇಲ್ಲ, ಒಂದು ಮಾತೂ ಆಡಿದ್ದಿಲ್ಲ. ಕೇಳಿದ್ದಕ್ಕೆ ಉತ್ತರ ಟೈಪ್ ಮಾಡುತ್ತಿದ್ದ, ಅಷ್ಟೇ.

ಮೊದಲ ಸ್ಲೈಡಿನಲ್ಲೇ ಹಡಗು, ಅದರ ಕೆಳಗೆ 1788. ಕೈದಿಗಳನ್ನು ಅಷ್ಟು ದೂರ ಯಾಕೆ ಸಾಗಿಸಿದರು ಎಂದು ವಿವರಿಸಿದೆ. ಅದಕ್ಕೂ ಮೊದಲು ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕಾದ ವಸಾಹತುಗಳಿಗೆ ಕಳಿಸುತ್ತಿತ್ತು, ಅಮೆರಿಕಾ ಸ್ವತಂತ್ರವಾದ ಮೇಲೆ ಆ ದಾರಿ ಮುಚ್ಚಿತು, ಬೇರೆ ಜಾಗ ಹುಡುಕಬೇಕಾಯಿತು ಎಂದಾಗ ಮಕ್ಕಳಿಗೆ ಖುಷಿಯೋ ಖುಷಿ. ‘ಅಂದ್ರೆ ಅದು ನಮ್ಮಿಂದಾನೇ?’ ಎಂದು ಒಬ್ಬ ಬೆಂಚಿನಿಂದ ಎದ್ದೇಬಿಟ್ಟ. ಆಗ ತೆರೆಯ ಮೇಲಿಂದ ಒಬ್ಬಳು ಹುಡುಗಿ ಮೈಕ್ ಹಾಕಿ ಕೇಳಿದಳು: ‘ಮಿಸ್, ಹಡಗು ಬರೋಕೆ ಮುಂಚೆ ಅಲ್ಲಿ ಜನ ಎಷ್ಟು ದಿನದಿಂದ ಇದ್ರು?’

‘ಸುಮಾರು ಅರವತ್ತೈದು ಸಾವಿರ ವರ್ಷದಿಂದ ಅಂತ ಹೇಳ್ತಾರೆ.’

‘ಅದು ತುಂಬಾನಾ?’

ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದಳು. ಹನ್ನೊಂದು ವರ್ಷದ ಮಗುವಿಗೆ ಇನ್ನೂರೂ ಬಹಳ, ಸಾವಿರವೂ ಬಹಳ, ಅರವತ್ತೈದು ಸಾವಿರವೂ ಬಹಳ. ‘ನಾಳೆ ತೋರಿಸ್ತೀನಿ’ ಎಂದುಬಿಟ್ಟೆ. ಹೇಗೆ ತೋರಿಸುವುದೆಂದು ಆಗ ನನಗೂ ಗೊತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕ್ಯಾಲ್ಕುಲೇಟರ್ ಯಂತ್ರಕ್ಕೆ ಹಾಕುವ ಕಾಗದದ ಸುರುಳಿಗಳನ್ನು ಕೊಂಡೆ. ವರ್ಷಕ್ಕೊಂದು ಮಿಲಿಮೀಟರ್ ಎಂದರೆ ಅರವತ್ತೈದು ಸಾವಿರ ವರ್ಷಕ್ಕೆ ಅರವತ್ತೈದು ಮೀಟರ್. ಶಾಲೆಯ ಕಾರಿಡಾರಿನಲ್ಲಿ ಹಾಸೋಣವೆಂದರೆ ಆ ವರ್ಷ ಅಲ್ಲಿ ಗುಂಪುಗೂಡುವ ಹಾಗಿಲ್ಲ. ಹಾಸಿದರೂ ಮನೆಯಲ್ಲಿದ್ದ ಹದಿನೈದು ಮಂದಿಗೆ ಏನು ಕಂಡೀತು? ಇಪ್ಪತ್ತಾರು ಮಕ್ಕಳಿಗೆ ಹಂಚಿದೆ. ತಲೆಗೆ ಎರಡೂವರೆ ಮೀಟರ್, ಎರಡೂವರೆ ಸಾವಿರ ವರ್ಷ. ಲೆಕ್ಕ ಸರಿಯಾಗಿ ಕೂತಾಗ ನನಗೇ ರೋಮಾಂಚನವಾಯಿತು. ಸಂಜೆ ಬೆಳಕಿನಲ್ಲಿ ಡ್ರೈವ್‌ವೇಯಲ್ಲಿ ನಾನೊಂದು ತುದಿ, ನನ್ನ ಗಂಡ ಇನ್ನೊಂದು ತುದಿ ಹಿಡಿದು ಅಳೆದು ಕತ್ತರಿಸಿದೆವು.

‘ಇಷ್ಟೆಲ್ಲ ಯಾಕೆ? ಸ್ಲೈಡಲ್ಲೇ ಒಂದು ಗೆರೆ ಎಳ್ದು ತೋರ್ಸಿದ್ರೆ ಆಗಲ್ವಾ?’ ಎಂದರು ಅವರು.

‘ತೆರೆ ಮೇಲೆ ಎಲ್ಲಾ ಗೆರೆನೂ ಒಂದೇ ಉದ್ದ ಕಾಣತ್ತೆ ಕಣ್ರೀ.’

ಕೊನೆಯ ತುಂಡನ್ನು ಹಿಡಿದು 1788 ಎಲ್ಲಿ ಬರುತ್ತದೆಂದು ನೋಡಿದೆ. ತುದಿಯಿಂದ ಇಪ್ಪತ್ಮೂರು ಸೆಂಟಿಮೀಟರ್. ಬೆರಳುಗಳನ್ನು ಅಗಲಿಸಿ ಅದರ ಮೇಲಿಟ್ಟೆ. ಒಂದು ಗೇಣು. ನಮ್ಮ ಪಠ್ಯದಲ್ಲಿದ್ದ ಆಸ್ಟ್ರೇಲಿಯಾದ ಇತಿಹಾಸವೆಲ್ಲ ಆ ಒಂದು ಗೇಣಿನೊಳಗಿತ್ತು.

ಯಾರಿಗೆ ಯಾವ ತುಂಡು ಎಂದು ಚೀಟಿ ಎತ್ತಿದೆವು. ಶಾಲೆಯ ಮುಂದೆ ಪುಸ್ತಕ, ಊಟದ ಪೊಟ್ಟಣಗಳನ್ನು ಇಡುತ್ತಿದ್ದ ಮೇಜಿನ ಮೇಲೆ ಚೀಲಗಳನ್ನಿಟ್ಟೆ. ಮನೆಯಲ್ಲಿದ್ದ ಮಕ್ಕಳ ಅಪ್ಪ ಅಮ್ಮಂದಿರು ಕಾರಿನಲ್ಲಿ ಬಂದು ತೆಗೆದುಕೊಂಡು ಹೋದರು. ನಿಮ್ಮ ಎರಡೂವರೆ ಸಾವಿರ ವರ್ಷದಲ್ಲಿ ನಡೆದದ್ದೇನಾದರೂ ಹುಡುಕಿ ಬರೆಯಿರಿ ಎಂದಿದ್ದೆ.

ಎರಡು ದಿನ ಬಿಟ್ಟು ನೋಡಿದರೆ ತೆರೆಯ ತುಂಬ ಖಾಲಿ ಕಾಗದ. ಕೆಲವರಿಗಷ್ಟೇ ಏನೋ ಸಿಕ್ಕಿತ್ತು. ಹತ್ತನೇ ತುಂಡಿನವಳಿಗೆ ಒಂದು ಒಣಗಿದ ಕೆರೆಯ ದಂಡೆಯಲ್ಲಿ ಸಿಕ್ಕ ಸಮಾಧಿ. ಇಪ್ಪತ್ತೆರಡನೆಯವನಿಗೆ ಸಮುದ್ರ ಏರಿ ಟ್ಯಾಸ್ಮೇನಿಯಾ ದ್ವೀಪವಾದದ್ದು. ಕೊನೆಯ ಇಪ್ಪತ್ತಾರನೇ ತುಂಡು ಸಿಕ್ಕ ಹುಡುಗ ಕ್ಲಾಸಿನಲ್ಲಿದ್ದವನು. ಅವನ ಕಾಗದದ ತುದಿಯಲ್ಲಿ ಹಡಗು, ಬಂದೂಕು, ಚಿನ್ನ, ರೈಲು, ಒಪೇರಾ ಹೌಸ್ ಒಂದರ ಮೇಲೊಂದು ಕೂತಿದ್ದವು. ಉಳಿದವರದೆಲ್ಲ ಬಿಳಿ.

‘ನಂದ್ರಲ್ಲಿ ಏನೂ ಆಗೇ ಇಲ್ಲ ಮಿಸ್. ಫೇರ್ ಅಲ್ಲ ಇದು’ ಎಂದಳು ಹದಿನಾಲ್ಕನೇ ತುಂಡಿನ ಹುಡುಗಿ. ‘ಅದು ತುಂಬಾನಾ’ ಎಂದು ಕೇಳಿದ್ದವಳೂ ಅವಳೇ. ‘ನಂಗೆ ಝೀರೋ ಬರತ್ತಾ?’

ಇಲ್ಲಿ ನಾನೊಂದು ತಪ್ಪು ಮಾಡಿದೆ. ಗಾಬರಿಯಲ್ಲಿ, ‘ಏನೂ ಸಿಗದಿದ್ರೆ ಅಲ್ಲಿನ ಮೂಲನಿವಾಸಿಗಳ ಚಿತ್ರಗಳ ಥರ ಚುಕ್ಕಿ ಹಾಕಿ ಅಲಂಕಾರ ಮಾಡಿ’ ಎಂದೆ. ಮಕ್ಕಳು ಉತ್ಸಾಹದಿಂದ ಚುಕ್ಕಿ ಹಾಕಿದರು. ಕಾಂಗರೂ, ಹಾವು, ಬಣ್ಣಬಣ್ಣದ ಸುತ್ತುಗಳು. ನಾನೂ ಹೊಗಳಿದೆ. ಶಾಲೆಯ ಲೈಬ್ರರಿಯನ್ ಪುಸ್ತಕ ಕೊಡಲು ಬಂದವರು ಅದನ್ನು ನೋಡಿ, ಮಕ್ಕಳೆಲ್ಲ ಹೋಗುವ ತನಕ ಕಾದು ಮೆಲ್ಲಗೆ ಹೇಳಿದರು. ಅಲ್ಲಿಯ ಜನರಿಗೆ ಆ ಚುಕ್ಕಿಗಳು ಬರೀ ಅಲಂಕಾರವಲ್ಲ, ಒಂದೊಂದೂ ಯಾವುದೋ ಮನೆತನಕ್ಕೆ, ಯಾವುದೋ ಜಾಗಕ್ಕೆ ಸೇರಿದ ಕಥೆ. ಕೇಳದೆ ತೆಗೆದುಕೊಳ್ಳುವಂಥದ್ದಲ್ಲ. ಖಾಲಿ ತುಂಬಿಸಲಂತೂ ಅಲ್ಲ.

ಮೊಹರಂನಲ್ಲಿ ಎತ್ತುವ ಪಂಜಾದ ಚಿತ್ರವನ್ನೋ ಬಾಗಿಲ ಮುಂದಿನ ರಂಗೋಲಿಯನ್ನೋ ಯಾರೋ ಗುರುತಿಲ್ಲದವರು ಕಾಗದ ತುಂಬಿಸಲು ಗೀಚಿದ್ದರೆ ನನಗೆ ಹೇಗಾಗುತ್ತಿತ್ತು? ಮರುದಿನ ಮಕ್ಕಳ ಮುಂದೆ ನಿಂತು, ‘ನಾನು ನಿಮಗೆ ತಪ್ಪು ಹೇಳಿಕೊಟ್ಟೆ’ ಎಂದೆ. ಕಾಗದ ತಿರುಗಿಸಿ ಹಿಂಬದಿಯಿಂದ ಹೊಸದಾಗಿ ಶುರು ಮಾಡೋಣ ಎಂದೆ. ಹನ್ನೊಂದು ಜೊತೆ ಕಣ್ಣುಗಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದವು. ಮೈಸೂರಿನ ಹನ್ನೊಂದು ವರ್ಷದಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕ್ಲಾಸಿನಲ್ಲಿ ಆಡಿರಲಿಲ್ಲ.

ಚುಕ್ಕಿ ಹಾಕಿದ್ದವರ ಕೈಯಲ್ಲೆಲ್ಲ ಮತ್ತೆ ಖಾಲಿ ಕಾಗದ. ಮುಂದೇನು ಹೇಳಬೇಕೋ ತೋಚದೆ ನಿಂತಿದ್ದಾಗ ತೆರೆಯ ಮೇಲಿಂದ ಕನ್ನಡ ಕೇಳಿಸಿತು. ಒಂಬತ್ತನೇ ತುಂಡಿನವನು ಕನ್ನಡದ ಹುಡುಗ. ಅವನ ಹಿಂದೆ ಅಜ್ಜಿ ಬೀನ್ಸ್ ಹೆಚ್ಚುತ್ತ ಕೂತಿದ್ದರು. ವಿಮಾನಗಳು ನಿಂತು ವರ್ಷದಿಂದ ಇಲ್ಲೇ ಉಳಿದವರು. ಹುಡುಗ ಮೈಕ್ ಮುಚ್ಚುವುದನ್ನು ಮರೆತಿದ್ದ.

‘ಏನೋ ಅದು, ಖಾಲಿ ಪೇಪರ್ ಹಿಡ್ಕೊಂಡು ಕೂತಿದೀಯ?’

‘ನಂದು ಟೂ ಥೌಸಂಡ್ ಫೈವ್ ಹಂಡ್ರೆಡ್ ಇಯರ್ಸ್ ಅಜ್ಜಿ. ಬಟ್ ನಥಿಂಗ್ ಹ್ಯಾಪನ್ಡ್. ಏನೂ ಆಗಿಲ್ಲ.’

‘ಏನೂ ಆಗ್ಲಿಲ್ವಾ? ಅಷ್ಟು ವರ್ಷ ಯಾರೂ ಹೆರ್ಲೇ ಇಲ್ವಾ?’

ನಾನು ಜೋರಾಗಿ ನಕ್ಕುಬಿಟ್ಟೆ. ಅಜ್ಜಿ ಚಾಕು ಕೆಳಗಿಟ್ಟು ತೆರೆಯ ಹತ್ತಿರ ಬಗ್ಗಿದರು. ‘ಯಾರದು ನಗ್ತಿರೋದು? ಕನ್ನಡದೋರಾ?’

‘ಹೂಂ ಅಜ್ಜಿ, ಮೈಸೂರು. ಮಂಡಿ ಮೊಹಲ್ಲಾ.’

‘ಅಯ್ಯೋ, ನಮ್ದು ಒಂಟಿಕೊಪ್ಪಲು ಕಣಮ್ಮ! ಇವನು ಸರಿಯಾಗಿ ಓದ್ತಾನಾ?’

‘ಓದ್ತಾನೆ ಅಜ್ಜಿ.’

‘ಆಂಟಿ, ಪ್ಲೀಸ್...’ ಎಂದು ಹುಡುಗ ಮುಖ ಮುಚ್ಚಿಕೊಂಡ. ‘ಐ ಮೀನ್, ಮಿಸ್.’

ಏನು ಮಾತು, ಏನು ಮಾತು ಎಂದು ಇಡೀ ಕ್ಲಾಸು ಗದ್ದಲವೆಬ್ಬಿಸಿತು. ನಾನು ಅನುವಾದಿಸಿದೆ. ಇಷ್ಟು ವರ್ಷಗಳಲ್ಲಿ ಯಾರೂ ಮಗು ಹೆರಲಿಲ್ಲವೇ ಎಂದು ಅಜ್ಜಿ ಕೇಳುತ್ತಿದ್ದಾರೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಹದಿನಾಲ್ಕನೆಯವಳು, ‘ವೇಯ್ಟ್. ಎಷ್ಟು ಜನ ಹುಟ್ಟಿರ್ತಾರೆ?’ ಎಂದಳು.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷ ಎಂದಿಟ್ಟುಕೊಂಡರೆ ಪ್ರತಿಯೊಬ್ಬರ ಕಾಗದದಲ್ಲೂ ನೂರು ತಲೆಮಾರು. ಒಬ್ಬ ತಾಯಿ, ಅವಳ ಮಗಳು, ಆ ಮಗಳ ಮಗಳು, ಹೀಗೆ ನೂರು ಸಲ. ಎರಡೂವರೆ ಸೆಂಟಿಮೀಟರಿಗೊಂದು ಗೆರೆ. ಇಲ್ಲಿನ ಮಕ್ಕಳಿಗೆ ಸೆಂಟಿಮೀಟರ್ ಎಂದರೆ ಬೇರೆ ದೇಶದ ಮಾತು. ‘ಹೆಚ್ಚು ಕಡಿಮೆ ಒಂದು ಇಂಚು’ ಎಂದೆ, ಎಲ್ಲರೂ ಸ್ಕೇಲ್ ತೆಗೆದರು.

ಆ ಮಧ್ಯಾಹ್ನ ಲೀಡ್ ಟೀಚರ್ ನನ್ನ ರೂಮಿಗೆ ಬಂದರು. ‘ನೀವು ಎರಡು ದಿನ ಹಿಂದಿದೀರಿ. ವ್ಯಾಪಾರದ ಪಾಠ ಇನ್ನೂ ಶುರುವಾಗಿಲ್ಲ. ಮುಂದಿನ ಮಂಗಳವಾರ ಟೆಸ್ಟ್.’

ಕಾಗದದ ವಿಷಯ ಹೇಳಿದೆ. ಗೆರೆ ಹಾಕಲು ಇನ್ನೊಂದು ದಿನ ಬೇಕು, ಕೊನೆಯ ಗೇಣಿನ ಪಾಠಕ್ಕೆ ಮತ್ತೊಂದು. ಆಮೇಲೆ ಶನಿವಾರ ಬೆಳಿಗ್ಗೆ ಬಸ್ಸುಗಳು ನಿಲ್ಲುವ ಅಂಗಳದಲ್ಲಿ ಮಕ್ಕಳನ್ನೆಲ್ಲ ಕರೆಸಿ ಇಪ್ಪತ್ತಾರು ತುಂಡುಗಳನ್ನೂ ಜೋಡಿಸಿ ಹಾಸಬೇಕು ಎಂದೆ. ಈ ಕೊನೆಯ ಮಾತನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಆಡುತ್ತ ಆಡುತ್ತಲೇ ನಿರ್ಧಾರವಾಯಿತು.

ಆಕೆ ಸಣ್ಣ ಕುರ್ಚಿಯೊಂದರಲ್ಲಿ ಕೂತರು. ಎಷ್ಟು ದಣಿದಿದ್ದಾರೆಂದು ಆಗ ಕಾಣಿಸಿತು. ‘ನೋಡಿ, ಆ ಹುದ್ದೆಗೆ ನಿಮ್ಮ ಹೆಸರು ಹೇಳಬೇಕು ಅಂತ ನನಗೂ ಇದೆ. ಸ್ಕೋರ್ ಬಿದ್ರೆ ನನ್ನನ್ನು ಕೇಳ್ತಾರೆ. ಆಗ ನಾನು ಏನು ಹೇಳಲಿ? ಪೇಪರ್ ಮೇಲೆ ಗೆರೆ ಹಾಕಿಸ್ತಿದ್ರು ಅಂತಲಾ?’

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮಿಕ್ಕ ಮೂರು ತರಗತಿಗೆ ಅದೇ ಸ್ಲೈಡುಗಳನ್ನು ತೋರಿಸಿ ಮುಗಿಸಿದ್ದೆ. ಇದಕ್ಕೂ ಹಾಗೇ ಮಾಡಿಬಿಡಬಹುದಿತ್ತು. ಆದರೆ ತಪ್ಪಾಯಿತೆಂದು ನಾನೇ ಒಪ್ಪಿಕೊಂಡ ಮಕ್ಕಳನ್ನು ಆ ಬಿಳಿ ಕಾಗದದ ಎದುರು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

‘ಹಾಸ್ತೀನಿ’ ಎಂದೆ.

‘ಶನಿವಾರ ಅಂದ್ರೆ ಖಾಯಂ ಸ್ಟಾಫ್ ಒಬ್ಬರು ಇರಬೇಕು. ರೂಲ್ ಅದು’ ಎಂದರು ಏಳುತ್ತ. ಬಾಗಿಲ ಬಳಿ ನಿಂತು, ‘ಎಷ್ಟು ಗಂಟೆಗೆ?’ ಎಂದು ಕೇಳಿದರು.

ಎರಡು ದಿನ ಮಕ್ಕಳು ಗೆರೆ ಹಾಕಿದರು. ಮಾತಿಲ್ಲ, ಪೆನ್ಸಿಲಿನ ಸದ್ದು ಮಾತ್ರ. ಐವತ್ತರ ಹೊತ್ತಿಗೆ ಕೈ ನೋಯುತ್ತದೆ ಎಂದು ಗೊಣಗಾಟ ಶುರುವಾಯಿತು. ಎಂಬತ್ತರ ಹೊತ್ತಿಗೆ ಅದೂ ನಿಂತಿತು. ಕೊನೆಯ ಗೇಣಿನ ಪಾಠವನ್ನು ಕಡೆಗೆ ಇಟ್ಟುಕೊಂಡಿದ್ದೆ. ಹಡಗುಗಳು ಬಂದ ಮರುವರ್ಷವೇ ಸಿಡ್ನಿಯ ಸುತ್ತ ಸಿಡುಬು ಹರಡಿದ್ದು, ಬಂದೂಕುಗಳು, ಕಳೆದುಕೊಂಡ ನೆಲ, ಆಮೇಲೆ ಸರ್ಕಾರವೇ ತಾಯಂದಿರಿಂದ ಕಿತ್ತು ದೂರ ಒಯ್ದ ಮಕ್ಕಳು. ಸಾಂಕ್ರಾಮಿಕ ಎಂದರೇನು ಎಂದು ಆ ವರ್ಷ ಯಾವ ಮಗುವಿಗೂ ವಿವರಿಸಬೇಕಾಗಿರಲಿಲ್ಲ. ಆಗ ಇಪ್ಪತ್ತಾರನೆಯವನು ಕೈ ಎತ್ತಿದ.

‘ಮಿಸ್, ಇಲ್ಲಿ ಗೆರೆ ನಿಲ್ಲಿಸಬೇಕಾ?’ ಅವನ ಬೆರಳು 1788ರ ಮೇಲಿತ್ತು.

‘ಇಲ್ಲ. ಅವರು ಈಗಲೂ ಇದ್ದಾರೆ. ಅಲ್ಲಿ ನಿಮ್ಮ ವಯಸ್ಸಿನ ಮಕ್ಕಳು ಈಗ ಶಾಲೆಗೆ ಹೋಗ್ತಿದ್ದಾರೆ.’

ಅವನು ತಾನು ಬರೆದಿದ್ದ ಹಡಗನ್ನೂ ರೈಲನ್ನೂ ಒರೆಸಿ ಚಿಕ್ಕದಾಗಿ ಮೇಲಂಚಿನಲ್ಲಿ ಬರೆದುಕೊಂಡ. ಗೆರೆಗಳಿಗೆ ಜಾಗ ಬೇಕಿತ್ತು. ಆ ಗೇಣಿನಲ್ಲಿ ಒಂಬತ್ತು ಗೆರೆ ಹಿಡಿದವು.

ಶನಿವಾರ ಬೆಳಿಗ್ಗೆ ಅಂಗಳವೆಲ್ಲ ಹಳದಿ. ಪೈನ್ ಮರಗಳ ಪರಾಗ ಉದುರುವ ಕಾಲ. ಕಾರು, ನೆಲ, ಬೆಂಚು ಎಲ್ಲದರ ಮೇಲೂ ಅರಿಶಿನದ ಪುಡಿ ಎರಚಿದ ಹಾಗಿತ್ತು. ಹತ್ತೊಂಬತ್ತು ಮಕ್ಕಳು ಬಂದರು. ಬರಲಾಗದ ಏಳು ಮಂದಿಯ ಕಾಗದವನ್ನು ಅವರ ಮನೆಯವರು ಶುಕ್ರವಾರವೇ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಅಪ್ಪ ಅಮ್ಮಂದಿರು ಕಾರಿನಲ್ಲೇ ಕೂತು ನೋಡಿದರು. ಅಂತರದ ಚಿಂತೆಯೇ ಬೇಕಾಗಲಿಲ್ಲ. ಆರು ಅಡಿ ದೂರವಿರಬೇಕೆಂಬುದು ಕಾನೂನು, ನಮ್ಮ ಒಂದೊಂದು ತುಂಡೂ ಎಂಟು ಅಡಿ ಉದ್ದ. ಪ್ರತಿ ಮಗುವೂ ತನ್ನ ವರ್ಷಗಳ ಆರಂಭದಲ್ಲಿ ನಿಂತರೆ ಸಾಕಿತ್ತು.

ಕಾರಿನಿಂದ ಇಳಿದವರು ಮೊದಲು ಒಬ್ಬರನ್ನೊಬ್ಬರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಏಳು ತಿಂಗಳಿಂದ ಒಂದೇ ಕ್ಲಾಸಿನವರು, ಒಟ್ಟಿಗೆ ನಿಂತಿದ್ದು ಅದೇ ಮೊದಲು. ಮುಖಗಳು ಮಾಸ್ಕಿನೊಳಗಿದ್ದುದರಿಂದ ದನಿಯಿಂದ ಗುರುತು ಹಿಡಿಯಬೇಕಾಯಿತು. ‘ಏನಾದ್ರೂ ಮಾತಾಡು’ ಎಂದು ಒಬ್ಬಳು ಇನ್ನೊಬ್ಬಳನ್ನು ಪೀಡಿಸಿದಳು, ಮಾತಾಡಿದ ತಕ್ಷಣ ಕಿರುಚಿದಳು. ‘ನೀನು ಇಷ್ಟು ಉದ್ದನಾ!’ ‘ನೀನು ಇಷ್ಟು ಗಿಡ್ಡನಾ!’ ನಾನೂ ಲೀಡ್ ಟೀಚರೂ ಅವರನ್ನು ಸಾಲಿನಲ್ಲಿ ನಿಲ್ಲಿಸಲು ಹೋಗಿ ಸ್ವಲ್ಪ ಹೊತ್ತು ಹಾಗೇ ಬಿಟ್ಟೆವು. ಆ ಗದ್ದಲ ಕೇಳಿ ಒಂದು ವರ್ಷವಾಗಿತ್ತು.

ಗಾಳಿ ಬೀಸುತ್ತಿತ್ತು. ಕಾಗದದ ಮೇಲೆ ನೀರಿನ ಬಾಟಲಿ, ಶೂ, ಕಾರಿನ ಕೀ ಏನು ಸಿಕ್ಕರೆ ಅದನ್ನು ಇಟ್ಟೆವು. ಆದರೂ ಇಪ್ಪತ್ತನೇ ತುಂಡು ಮತ್ತೆ ಮತ್ತೆ ಏಳುತ್ತಿತ್ತು. ಕ್ಯಾಮೆರಾ ಹಾಕದ ಆ ಹುಡುಗನದು. ಅವನು ಬಂದಿರಲಿಲ್ಲ. ಲೀಡ್ ಟೀಚರ್ ಹೋಗಿ ಅದರ ತುದಿಯನ್ನು ಕಾಲಿನಿಂದ ಒತ್ತಿಕೊಂಡು ನಿಂತರು.

ಒಬ್ಬೊಬ್ಬರಾಗಿ ಮೊದಲ ತುದಿಯಿಂದ ಕೊನೆಯವರೆಗೆ ನಡೆಯುವುದು, ಅಷ್ಟೇ ಆ ದಿನದ ಪಾಠ. ಮೊದಲಿನವರು ಓಡಿದರು. ಆಮೇಲಿನವರು ಏಕೋ ನಿಧಾನವಾದರು. ಹದಿನಾಲ್ಕನೆಯವಳು ಪ್ರತಿಯೊಬ್ಬರ ಕಾಗದದ ಬಳಿಯೂ ಬಗ್ಗಿ ನೋಡುತ್ತ ಹೋಗಿ, ಕೊನೆಯ ಗೇಣಿನ ಹತ್ತಿರ ನಿಂತು, ನಡೆದು ಬಂದ ದಾರಿಯನ್ನು ತಿರುಗಿ ನೋಡಿದಳು. ‘ಓಕೆ. ತುಂಬಾನೇ’ ಎಂದಳು ನನಗೆ.

ಯಾರೋ ಇಪ್ಪತ್ತಾರನೆಯವನಿಗೆ, ‘ನಿಂದೇ ಬೆಸ್ಟ್, ಎಲ್ಲಾ ನಿಂದ್ರಲ್ಲೇ ಇದೆ’ ಎಂದರು.

‘ಇಲ್ಲ’ ಎಂದ ಅವನು. ‘ನಂದ್ರಲ್ಲೂ ನೂರೇ ಇರೋದು.’

ಸುತ್ತಿಡುವಾಗ ಕಾಗದವೆಲ್ಲ ಹಳದಿಯಾಗಿತ್ತು, ಅಲ್ಲಲ್ಲಿ ಬೂಟಿನ ಗುರುತು. ಶಾಲೆಯ ಗೋಡೆಗೆ ಅಂಟಿಸುವ ಯೋಚನೆ ನನ್ನದು. ಮಕ್ಕಳು ಒಪ್ಪಲಿಲ್ಲ, ತಂತಮ್ಮದನ್ನು ಮನೆಗೆ ಒಯ್ದರು. ಕಾರು ಹತ್ತುವ ಮೊದಲು ಲೀಡ್ ಟೀಚರ್ ಬೂಟಿನ ಪರಾಗ ಕೊಡವಿಕೊಂಡು, ‘ಆ ಎರಡು ಪ್ರಶ್ನೆ ಮರೆಯದ ಹಾಗೆ ನೋಡ್ಕೊಳ್ಳಿ’ ಎಂದರು.

ಮಕ್ಕಳು ಮರೆಯಲಿಲ್ಲ. ಇತಿಹಾಸದ ಎರಡೂ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಬರೆದರು. ವ್ಯಾಪಾರದ ಪ್ರಶ್ನೆಗಳಲ್ಲಿ ನನ್ನ ಉಳಿದ ಮೂರು ತರಗತಿಗಳಿಗಿಂತ ಹಿಂದೆ ಬಿದ್ದರು. ರಜೆಯಲ್ಲಿದ್ದ ಟೀಚರ್ ವಸಂತದ ರಜೆಯ ನಂತರ ಮರಳಿದರು. ಖಾಯಂ ಹುದ್ದೆ ಬೇರೊಬ್ಬರಿಗೆ ಹೋಯಿತು. ಲೀಡ್ ಟೀಚರ್ ನನ್ನ ಹೆಸರು ಹೇಳಿದ್ದರಂತೆ, ಆಮೇಲೆ ತಿಳಿಯಿತು. ಈಗ ಇದೇ ಕೌಂಟಿಯ ಇನ್ನೊಂದು ಶಾಲೆಯಲ್ಲಿದ್ದೇನೆ. ಕಾರಿಡಾರಿನಲ್ಲಿ ಎರಡು ಸಲ ಕಾಗದ ಹಾಸಿ ನೋಡಿದೆ. ಪಾಠ ಚೆನ್ನಾಗಿಯೇ ಆಯಿತು, ಮಕ್ಕಳು ನಡೆದರು, ಎಣಿಸಿದರು, ಗಂಟೆ ಹೊಡೆಯಿತು. ಆದರೆ ಅವರು ದಿನಾ ಒಟ್ಟಿಗೆ ಇರುವ ಮಕ್ಕಳು.

ಆ ಶನಿವಾರದ ಒಂದು ಕೆಲಸ ಉಳಿದಿತ್ತು. ಬಾರದ ಏಳು ಮಂದಿಯ ಕಾಗದ ನನ್ನ ಕಾರಿನಲ್ಲಿತ್ತು. ಪುಸ್ತಕಗಳನ್ನು ಮನೆ ಬಾಗಿಲಿಗೆ ಮುಟ್ಟಿಸುವುದು ಆ ವರ್ಷ ನಮಗೆಲ್ಲ ರೂಢಿಯಾಗಿದ್ದರಿಂದ ಶಾಲೆಯಿಂದ ವಿಳಾಸ ಪಡೆದು ಹೊರಟೆ. ಆರು ಮನೆ ಮುಗಿಸಿ ಕೊನೆಗೆ ಕ್ಯಾಮೆರಾ ಹಾಕದ ಹುಡುಗನ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ನಿಂತು ಫೋನ್ ಮಾಡಿದೆ. ಬಾಗಿಲು ತೆರೆದ ತಂದೆ ಮೇಲಿಂದಲೇ ಕ್ಷಮೆ ಕೇಳಿದರು. ಹೆಂಡತಿಗೆ ಕ್ಯಾನ್ಸರಿನ ಚಿಕಿತ್ಸೆ ನಡೀತಿದೆ, ಅದಕ್ಕೇ ಹುಡುಗನನ್ನು ಎಲ್ಲಿಗೂ ಕಳಿಸೋದಿಲ್ಲ ಎಂದರು. ಅವರ ಮೊಣಕೈ ಕೆಳಗಿನಿಂದ ಒಂದು ಸಣ್ಣ ಮುಖ ಇಣುಕಿತು. ದೊಡ್ಡ ಕಿವಿ, ನೀಲಿ ಮಾಸ್ಕ್. ಇಷ್ಟು ಚಿಕ್ಕವನೆಂದು ನಾನು ಅಂದುಕೊಂಡಿರಲಿಲ್ಲ.

ಸುರುಳಿಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಅವನು ಇಳಿದು ಬಂದು ಎತ್ತಿಕೊಂಡ.

‘ನನ್ನ ಜಾಗದಲ್ಲಿ ಯಾರು ನಿಂತಿದ್ರು?’ ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಸ್ವಲ್ಪ ಒಡಕು ದನಿ.

‘ನಮ್ಮ ಲೀಡ್ ಟೀಚರ್.’

‘ಪೂರ್ತಿ ಹೊತ್ತು?’

‘ಪೂರ್ತಿ ಹೊತ್ತು. ಗಾಳಿ ಇತ್ತು, ಕಾಲಲ್ಲಿ ಒತ್ತಿಕೊಂಡಿದ್ರು.’

‘ನಡುವೆ ಖಾಲಿ ಇರಲಿಲ್ಲ ಅಲ್ವಾ?’

‘ಇರಲಿಲ್ಲ.’

ಅವನು ತಲೆಯಾಡಿಸಿ, ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ. ಬಾಗಿಲು ಮುಚ್ಚುವ ಮೊದಲು ಒಳಗಿದ್ದ ತಾಯಿಗೆ ಸ್ಪ್ಯಾನಿಶ್‌ನಲ್ಲಿ ಏನೋ ಕೂಗಿ ಹೇಳಿದ. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ, ಟೀಚರ್ ಎನ್ನುವುದಕ್ಕೆ ಅವರು ಹೇಳುವ ‘ಮಾಯೆಸ್ತ್ರಾ’. ನನ್ನನ್ನು ಕುರಿತು ಹೇಳಿದನೋ ಲೀಡ್ ಟೀಚರನ್ನೋ, ಕೇಳೋಣವೆಂದರೆ ಬಾಗಿಲು ಆಗಲೇ ಮುಚ್ಚಿತ್ತು.